ಮಧ್ಯಯುಗದ ಯುರೋಪಿನ ವಿದ್ಯಾಪೀಠಗಳಲ್ಲಿ ಪರದೇಶೀ ವಿದ್ಯಾರ್ಥಿಗಳ ನಾಡಕೂಟಗಳು

೧

ವಿದ್ಯೆಯನ್ನರಸಿ ಪರರಾಜ್ಯಕ್ಕೆ ಹೋದವನಿಗೆ ಅಲ್ಲಿಯ ಬೀದಿಯಲ್ಲಿ ಅವಮಾನವಾದರೆ ಅವನು ಯಾರಲ್ಲಿ ದೂರಿಕೊಳ್ಳಬೇಕು? ಸ್ಥಾನಕುಂದೂರಿನ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಯನ್ನು ಸೇರಿ, ಅಲ್ಲಿ ಪಲ್ಲವರ ರಾವುತನೊಬ್ಬನೊಡನೆ ಒದಗಿದ ಕಲಹದಿಂದ ಕೆರಳಿ, ಓದನ್ನು ಬಿಟ್ಟು ಕತ್ತಿಯನ್ನು ಹಿಡಿದ ವೃತ್ತಾಂತವು ತಾಳಗುಂದದ ಸ್ತಂಭಶಾಸನದಿಂದ ನಮಗೆಲ್ಲರಿಗೂ ತಿಳಿದಿದೆ. ಮೇಲಣ ಪ್ರಶ್ನೆಗೆ ಅವನು ಕೊಟ್ಟ ಉತ್ತರವು ವೀರನೊಬ್ಬನ ಉತ್ತರ. ಅದು ಎಲ್ಲರಿಂದಲೂ ಆಗುವ ಮಾತಲ್ಲ. ಅವನ ಕಾಲಕ್ಕೆ ಸುಮಾರು ಎಂಟು ಶತಮಾನಗಳ ತರುವಾಯ, ಇಟಲಿಯ ಬೊಲೋನ್ಯಾ ಪಟ್ಟಣದಲ್ಲಿ, ಕತ್ತಿಯ ಬಲವಾಗಲಿ ಕುಲದ ಬಲವಾಗಲಿ ಇಲ್ಲದ ಸಾಮಾನ್ಯ ವಿದ್ಯಾರ್ಥಿಗಳು ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕಂಡುಕೊಂಡರು. ಅವರು ಒಂದೊಂದು ಸೀಮೆಯವರು ಒಂದೊಂದಾಗಿ ಕೂಡಿ, ಪ್ರಮಾಣಮಾಡಿ, ಸಂಘ ಕಟ್ಟಿದರು. ಆ ಸಂಘಗಳ ಹುಟ್ಟು, ಬಾಳು, ಅಳಿವುಗಳನ್ನು ಸಂಕ್ಷೇಪವಾಗಿ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸಂಘಗಳಿಗೆ ಲ್ಯಾಟಿನ್ ಭಾಷೆಯಲ್ಲಿ ‘ನಾತಿಯೋ’ ಎಂದು ಹೆಸರು. ಇಂದು ‘ರಾಷ್ಟ್ರ’ವೆಂಬ ಅರ್ಥದಲ್ಲಿ ಬಳಕೆಯಲ್ಲಿರುವ ‘ನೇಷನ್’ ಎಂಬ ಶಬ್ದವು ಇದರಿಂದಲೇ ಬಂದುದು. ಆದರೆ ಮಧ್ಯಯುಗದ ವಿದ್ಯಾಪೀಠಗಳ ವಿಷಯದಲ್ಲಿ ಆ ಅರ್ಥವನ್ನು ಆರೋಪಿಸಿದರೆ ದಾರಿತಪ್ಪಿದಂತಾಗುವುದು. ಧಾತುವನ್ನು ನೋಡಿದರೆ ‘ನಾತಿಯೋ’ ಎಂಬುದು ನಮ್ಮ ‘ಜಾತಿ’ ಶಬ್ದಕ್ಕೆ ಒಡಹುಟ್ಟು. ಎರಡೂ ‘ಹುಟ್ಟು’ ಎಂಬರ್ಥದ ಒಂದೇ ಮೂಲದಿಂದ ಕವಲೊಡೆದವು. ಹುಟ್ಟಿದ ಸೀಮೆ ಯಾವುದೆಂಬುದಷ್ಟೇ ಆ ಶಬ್ದದ ಅಭಿಪ್ರಾಯ. ಆದುದರಿಂದ ಇಲ್ಲಿ ಅದನ್ನು ‘ನಾಡಕೂಟ’ವೆಂದು ಕರೆಯುತ್ತೇನೆ. ಹಾಗೆಯೇ ‘ಯೂನಿವರ್ಸಿಟಾಸ್’ ಎಂಬ ಶಬ್ದವೂ ಮೊದಲಿಗೆ ವಿದ್ಯಾಲಯವನ್ನು ಹೇಳುತ್ತಿರಲಿಲ್ಲ. ಒಂದು ಕಸುಬಿನವರೆಲ್ಲ ಸೇರಿ ಕಟ್ಟಿಕೊಂಡ ಸಂಘಕ್ಕೆ, ನಮ್ಮ ಶಾಸನಗಳಲ್ಲಿ ಬರುವ ಶ್ರೇಣಿಯಂಥದಕ್ಕೆ, ಅದು ಹೆಸರಾಗಿತ್ತು. ಕಟ್ಟಡವಿಲ್ಲದೆ, ರಾಜಶಾಸನವಿಲ್ಲದೆ, ಪರದೇಶಿಗಳ ಕೂಟವಾಗಿ ಹುಟ್ಟಿದ ವಸ್ತುವಿನ ಹೆಸರೇ ಕಾಲಾಂತರದಲ್ಲಿ ವಿದ್ಯಾಪೀಠದ ಹೆಸರಾಯಿತು.

ಸ್ವದೇಶಾಭಿಮಾನ, ಭಾಷಾಭಿಮಾನಗಳೇ ಈ ನಾಡಕೂಟಗಳಿಗೆ ಕಾರಣವೆಂದು ಹೇಳಿಬಿಡುವುದು ಸುಲಭ. ದೂರದೇಶದಲ್ಲಿ ತನ್ನ ನುಡಿಯನ್ನು ಕೇಳಿದವನ ಮನಸ್ಸು ಅರಳುವುದು ಸಹಜವೇ. ಆದರೆ ಅರಳಿದ ಮನಸ್ಸಿನಿಂದ ಸ್ನೇಹ ಹುಟ್ಟೀತೇ ಹೊರತು ಮುದ್ರೆ, ಬೊಕ್ಕಸ, ನಿಬಂಧನೆ, ಅಧಿಕಾರಿಗಳುಳ್ಳ ಸಂಸ್ಥೆ ಹುಟ್ಟದು. ಸಂಸ್ಥೆಯನ್ನು ಹುಟ್ಟಿಸಿದ್ದು ಅಭಿಮಾನವಲ್ಲ, ಅನಾಥತೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಆಧಾರಗಳನ್ನು ಬೊಲೋನ್ಯಾದಿಂದಲೇ ಆರಂಭಿಸಿ ನೋಡಬಹುದು.

೨

ಹನ್ನೊಂದನೆಯ ಶತಮಾನದ ಕೊನೆಯಿಂದ ಬೊಲೋನ್ಯಾ ಪಟ್ಟಣವು ಧರ್ಮಶಾಸ್ತ್ರದ ಅಭ್ಯಾಸಕ್ಕೆ ಪ್ರಸಿದ್ಧವಾಯಿತು. ಇರ್ನೇರಿಯಸ್ ಎಂಬ ಪಂಡಿತನು ಅಲ್ಲಿ ರೋಮನರ ನ್ಯಾಯಶಾಸ್ತ್ರವನ್ನು ಪಾಠ ಹೇಳಿದನು, ಕ್ರಿ. ಶ. ೧೧೪೦ರ ಸುಮಾರಿಗೆ ಗ್ರಾಶಿಯನ್ ಎಂಬವನು ಕ್ರೈಸ್ತಮಠದ ನಿಬಂಧಗಳನ್ನು ಒಂದುಗೂಡಿಸಿದನು. ಈ ಎರಡು ವಿದ್ಯೆಗಳಿಗಾಗಿ ಆಲ್ಪ್ಸ್ ಪರ್ವತಗಳಾಚೆಯಿಂದಲೂ ವಿದ್ಯಾರ್ಥಿಗಳು ಬರತೊಡಗಿದರು. ಬಂದವರಲ್ಲಿ ಅನೇಕರು ಎಳೆಯ ಹುಡುಗರಲ್ಲ. ಚರ್ಚುಗಳಲ್ಲಿ ವೃತ್ತಿಯನ್ನು ಪಡೆದು ವಯಸ್ಸಿಗೆ ಬಂದವರು, ಕೈಯಲ್ಲಿ ಹಣವುಳ್ಳವರು. ಆದರೂ ಪಟ್ಟಣದ ದೃಷ್ಟಿಯಲ್ಲಿ ಅವರು ಯಾರೂ ಅಲ್ಲ. ಇಟಲಿಯ ಪಟ್ಟಣಗಳಲ್ಲಿ ನ್ಯಾಯದ ರಕ್ಷಣೆಯು ಪೌರತ್ವಕ್ಕೆ ಅಂಟಿಕೊಂಡಿತ್ತು. ಪೌರನಲ್ಲದವನ ಪ್ರಾಣಕ್ಕೂ ಸೊತ್ತಿಗೂ ಹೊಣೆಗಾರರಿರಲಿಲ್ಲ. ಇದಕ್ಕಿಂತ ಕ್ರೂರವಾದ ಪದ್ಧತಿ ಇನ್ನೊಂದಿತ್ತು: ಒಂದು ದೇಶದ ಮನುಷ್ಯನು ಪಟ್ಟಣದಲ್ಲಿ ಸಾಲ ಮಾಡಿ ತಲೆಮರೆಸಿಕೊಂಡರೆ, ಸಾಲಿಗನು ಅದೇ ದೇಶದ ಬೇರೊಬ್ಬನನ್ನು ಹಿಡಿದು ಅವನ ಸೊತ್ತನ್ನು ಕಿತ್ತುಕೊಳ್ಳಬಹುದಾಗಿತ್ತು. ಅಂದರೆ, ಒಂದು ಸೀಮೆಯವರನ್ನು ಮೊದಲು ಒಂದು ಗುಂಪೆಂದು ಎಣಿಸಿದವರು ಆ ಸೀಮೆಯವರಲ್ಲ, ಅವರಿಗೆ ಸಾಲ ಕೊಟ್ಟವರು! ಈ ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಪರದೇಶಿಗಳು ಕೂಡಿಕೊಳ್ಳುವುದಕ್ಕೆ ಮುಂಚೆಯೇ ಪಟ್ಟಣವು ಅವರನ್ನು ಕೂಡಿಸಿ ನೋಡಿತ್ತು. ಹೊಣೆಗಾರಿಕೆಯಲ್ಲಿ ಒಂದಾದವರು ರಕ್ಷಣೆಯಲ್ಲಿಯೂ ಒಂದಾದರು.

೧೧೫೫ರಲ್ಲಿ ಚಕ್ರವರ್ತಿಯಾದ ಫ್ರೆಡರಿಕ್ ಬಾರ್ಬರೋಸನು ಬೊಲೋನ್ಯಾದ ಸಮೀಪದಲ್ಲಿ ಬೀಡುಬಿಟ್ಟಿದ್ದಾಗ ಅಲ್ಲಿಯ ವಿದ್ಯಾರ್ಥಿಗಳು ಅವನನ್ನು ಕಂಡು ಇದೇ ಕಷ್ಟವನ್ನು ಬಿನ್ನವಿಸಿಕೊಂಡರೆಂದು ಆ ಕಾಲದ ಲ್ಯಾಟಿನ್ ಕಾವ್ಯವೊಂದರಿಂದ ತಿಳಿಯುತ್ತದೆ. ‘ಹಬಿತಾ’ ಎಂಬ ಮೊದಲ ಶಬ್ದದಿಂದ ಪ್ರಸಿದ್ಧವಾಗಿರುವ ಅವನ ಶಾಸನವು ೧೧೫೮ರಲ್ಲಿ ರೊಂಕಾಲ್ಯಾದ ಸಭೆಯಲ್ಲಿ ಪ್ರಕಟವಾಯಿತು. ವಿದ್ಯೆಗಾಗಿ ಸಂಚರಿಸುವವರಿಗೆ ಅಭಯ. ಒಬ್ಬನ ಸಾಲಕ್ಕಾಗಿ ಅದೇ ಸೀಮೆಯ ಇನ್ನೊಬ್ಬನನ್ನು ಪೀಡಿಸಕೂಡದು. ವಿದ್ಯಾರ್ಥಿಯ ಮೇಲೆ ವ್ಯಾಜ್ಯ ಬಂದರೆ ತನ್ನ ಗುರುವಿನ ಮುಂದೆ ಅಥವಾ ಆ ಪಟ್ಟಣದ ಬಿಷಪ್ಪನ ಮುಂದೆ ವಿಚಾರಣೆಯಾಗುವಂತೆ ಅವನು ಆರಿಸಿಕೊಳ್ಳಬಹುದು. ಶಾಸನದ ಸಾರವಿಷ್ಟು. ಆದರೆ ಚಕ್ರವರ್ತಿಯು ದೂರ, ಮನೆಯ ಯಜಮಾನನು ಹತ್ತಿರ. ಬರೆದ ಶಾಸನವನ್ನು ದಿನದಿನವೂ ನಡೆಯಿಸಿಕೊಳ್ಳಬೇಕಾದರೆ ಬೆನ್ನ ಹಿಂದೆ ಜನ ಬೇಕು. ಹನ್ನೆರಡನೆಯ ಶತಮಾನದ ಕೊನೆಗೆ ಹುಟ್ಟಿದ ನಾಡಕೂಟಗಳು ಹದಿಮೂರನೆಯ ಶತಮಾನದಲ್ಲಿ ಎರಡು ದೊಡ್ಡ ಸಂಘಗಳಾಗಿ ನೆಲೆಗೊಂಡುವು: ಆಲ್ಪ್ಸ್ ಪರ್ವತಗಳ ಈಚೆಯವರದೊಂದು, ಆಚೆಯವರದೊಂದು. ಒಂದೊಂದಕ್ಕೂ ‘ರೆಕ್ಟರ್’ ಎಂಬ ಮುಖಂಡನು, ಅವನೂ ವಿದ್ಯಾರ್ಥಿಯೇ.

ಈ ಏರ್ಪಾಟಿನಲ್ಲಿ ಒಂದು ವಿಚಿತ್ರವಿದೆ. ಬೊಲೋನ್ಯಾದಲ್ಲಿಯೇ ಹುಟ್ಟಿ ಅಲ್ಲಿಯೇ ಓದುತ್ತಿದ್ದ ವಿದ್ಯಾರ್ಥಿಗೆ ಈ ಸಂಘಗಳಲ್ಲಿ ಮತವಿರಲಿಲ್ಲ. ಇಟಲಿಯವನಾದರೂ ಸರಿಯೆ, ಫ್ಲಾರೆನ್ಸಿನವನು ಬರಬಹುದು, ರೋಮಿನವನು ಬರಬಹುದು, ಊರವನು ಬರುವಂತಿಲ್ಲ. ದೇಶಾಭಿಮಾನವೇ ಕೂಟಕ್ಕೆ ತಳಹದಿಯಾಗಿದ್ದರೆ ಬೊಲೋನ್ಯಾದವರದೂ ಒಂದು ನಾಡಕೂಟವಿರಬೇಕಾಗಿತ್ತು. ಇರಲಿಲ್ಲ; ಏಕೆಂದರೆ ಅವರಿಗೆ ಪೌರತ್ವವಿತ್ತು, ಕೂಟದ ಅಗತ್ಯವಿರಲಿಲ್ಲ. ನಾಡಕೂಟವೆಂಬುದು ಪೌರತ್ವವಿಲ್ಲದವರು ತಾವೇ ಮಾಡಿಕೊಂಡ ಪೌರತ್ವವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

೩

ಕೂಟದ ಕೈಯಲ್ಲಿದ್ದ ಆಯುಧ ಒಂದೇ: ಊರು ಬಿಟ್ಟು ಹೋಗುವುದು. ಕಟ್ಟಡಗಳಿಲ್ಲದ ವಿದ್ಯಾಪೀಠವನ್ನು ಎತ್ತಿಕೊಂಡು ಹೋಗುವುದು ಕಷ್ಟವಲ್ಲ. ಪುಸ್ತಕಗಳನ್ನು ಕತ್ತೆಯ ಮೇಲೆ ಹೇರಿದರೆ ಮುಗಿಯಿತು. ೧೨೦೪ರಲ್ಲಿ ಒಂದು ತಂಡವು ವಿಚೆಂಜಾಕ್ಕೆ ಹೋಯಿತು. ೧೨೨೨ರಲ್ಲಿ ಪಾದುವಾಕ್ಕೆ ಹೋದವರಿಂದ ಅಲ್ಲಿಯ ಪ್ರಸಿದ್ಧ ವಿದ್ಯಾಪೀಠವೇ ಹುಟ್ಟಿತು. ೧೩೨೧ರಲ್ಲಿ ವಿದ್ಯಾರ್ಥಿಯೊಬ್ಬನಿಗೆ ಪಟ್ಟಣದವರು ಮರಣದಂಡನೆಯನ್ನು ವಿಧಿಸಿದಾಗ ಬಹುಮಂದಿ ಸಿಯೆನಾಕ್ಕೆ ಹೊರಟುಹೋದರು. ಮನೆಬಾಡಿಗೆ, ಅಂಗಡಿ, ಅಡಿಗೆ, ಪುಸ್ತಕದ ನಕಲು ಮುಂತಾದುವುಗಳಿಂದ ಜೀವಿಸುತ್ತಿದ್ದ ಪಟ್ಟಣಕ್ಕೆ ಇದರಿಂದಾದ ನಷ್ಟವು ಅಲ್ಪವಲ್ಲ. ಆದುದರಿಂದ ಪಟ್ಟಣವು ಒಮ್ಮೆ ಗದರಿಸಿ ಒಮ್ಮೆ ಬಗ್ಗಿ ಅವರನ್ನು ಉಳಿಸಿಕೊಳ್ಳಬೇಕಾಯಿತು. ಬಾಡಿಗೆಯನ್ನು ಗೊತ್ತುಮಾಡಲು ವಿದ್ಯಾರ್ಥಿಗಳ ಕಡೆಯವರೂ ಪಟ್ಟಣದ ಕಡೆಯವರೂ ಸೇರಿದ ಪಂಚಾಯಿತಿಯಾಯಿತು. ಅದರ ತೀರ್ಪನ್ನು ಮೀರಿದ ಯಜಮಾನನ ಮನೆಗೆ ಯಾವ ವಿದ್ಯಾರ್ಥಿಯೂ ಕಾಲಿಡಬಾರದೆಂದು ಕಟ್ಟು ಮಾಡಿದರು.

ಅಧ್ಯಾಪಕರ ಪಾಡಂತೂ ನಮ್ಮ ಕಾಲದವರಿಗೆ ನಗೆಯನ್ನು ತರುವಂತಿದೆ. ಆಗ ಅವರ ಜೀವನವು ವಿದ್ಯಾರ್ಥಿಗಳು ಕೊಡುವ ದಕ್ಷಿಣೆಯಿಂದಲೇ ನಡೆಯುತ್ತಿತ್ತು. ಅವರು ವಿದ್ಯಾರ್ಥಿಯಾದ ರೆಕ್ಟರನಿಗೆ ವಿಧೇಯರಾಗಿರುವೆವೆಂದು ಪ್ರಮಾಣಮಾಡಬೇಕು, ಗಂಟೆ ಹೊಡೆದೊಡನೆ ಪಾಠವನ್ನು ಆರಂಭಿಸಬೇಕು, ಹೊತ್ತು ಮೀರಿ ಎಳೆಯಬಾರದು, ಅಪ್ಪಣೆಯಿಲ್ಲದೆ ಒಂದು ದಿನವೂ ಪಾಠವನ್ನು ತಪ್ಪಿಸಬಾರದು, ತಪ್ಪಿದರೆ ಜುಲ್ಮಾನೆ. ಕೇಳುವವರ ಸಂಖ್ಯೆ ಐದಕ್ಕಿಂತ ಕಡಿಮೆಯಾದರೆ ಗುರುವು ಗೈರುಹಾಜರಾದಂತೆಯೇ ಲೆಕ್ಕ. ಇಂತಹ ಅಧಿಕಾರವು ಬಹುಕಾಲ ಬಾಳಲಿಲ್ಲ. ಹದಿಮೂರನೆಯ ಶತಮಾನದ ಕೊನೆಯಿಂದ ಪಟ್ಟಣವೇ ಅಧ್ಯಾಪಕರಿಗೆ ಸಂಬಳ ಕೊಡತೊಡಗಿತು. ದಕ್ಷಿಣೆಯ ಹಂಗು ತಪ್ಪಿದಂತೆ ವಿದ್ಯಾರ್ಥಿಗಳ ಹಿಡಿತವೂ ಸಡಿಲಿತು.

ಆದರೆ ನಾಡಕೂಟದ ನಿಜವಾದ ಬಾಳು ಈ ಜಗಳಗಳಲ್ಲಿರಲಿಲ್ಲ. ಬೊಲೋನ್ಯಾದ ಜರ್ಮನ್ ನಾಡಕೂಟದ ಕಡತಗಳು ೧೨೮೯ರಿಂದ ಉಳಿದುಬಂದಿವೆ. ಅವುಗಳಲ್ಲಿ ಮುಖ್ಯವಾಗಿ ಕಾಣುವುದು ಹೊಸಬರು ಕೊಟ್ಟ ಪ್ರವೇಶಧನ, ಪೂಜೆಯ ಮೇಣದ ಬತ್ತಿ, ಹಬ್ಬದ ವೆಚ್ಚ ಮೊದಲಾದ ಸಣ್ಣಸಣ್ಣ ಲೆಕ್ಕಗಳು. ಆ ಕೂಟದ ಧ್ಯೇಯಗಳನ್ನು ಅದರ ನಿಬಂಧನೆಗಳಲ್ಲಿ ಹೇಳಿದೆ: ಸಹೋದರಭಾವ, ರೋಗಿಗಳಿಗೆ ಸಾಂತ್ವನ, ಬಡವರಿಗೆ ನೆರವು, ಸತ್ತವರ ಸಂಸ್ಕಾರ, ಒಳಜಗಳಗಳ ನಿವಾರಣೆ, ಪದವಿಯ ಪರೀಕ್ಷೆಗೆ ಹೋಗುವವನನ್ನು ಮೆರವಣಿಗೆಯಲ್ಲಿ ಕರೆದೊಯ್ದು ಕರೆತರುವುದು. ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಕೂಟದ ಅಂತರಂಗ ತಿಳಿಯುತ್ತದೆ. ಊರಿನಲ್ಲಿದ್ದರೆ ಇವೆಲ್ಲವೂ ಬಂಧುಗಳು ಮಾಡುವ ಕೆಲಸಗಳು. ಜ್ವರ ಬಂದಾಗ ಹಾಸಿಗೆಯ ಬಳಿ ಕುಳಿತುಕೊಳ್ಳುವವರು, ಹೆಣಕ್ಕೆ ಹೆಗಲು ಕೊಡುವವರು, ಗೆದ್ದ ದಿನ ಬೀದಿಯಲ್ಲಿ ಜೊತೆಗೆ ನಡೆಯುವವರು: ಇವರನ್ನು ಪರದೇಶಿಯು ಹುಟ್ಟಿನಿಂದ ಪಡೆಯಲಾರ, ಕಟ್ಟಿಕೊಳ್ಳಬೇಕು. ನಾಡಕೂಟವು ಹೀಗೆ ಕಟ್ಟಿಕೊಂಡ ಬಂಧುಬಳಗ.

ಬಳಗವು ಕಟ್ಟಿಕೊಂಡದ್ದೇ ಹೊರತು ಹುಟ್ಟಿನಿಂದ ಬಂದುದಲ್ಲವೆಂಬುದಕ್ಕೆ ಕೋಪರ್ನಿಕಸನೇ ಸಾಕ್ಷಿ. ಪೋಲೆಂಡಿನ ರಾಜನ ಪ್ರಜೆಯಾಗಿ ತೊರುನ್ ಪಟ್ಟಣದಲ್ಲಿ ಹುಟ್ಟಿದ ಈ ಮಹಾಜ್ಯೋತಿಷಿಯು ಧರ್ಮಶಾಸ್ತ್ರವನ್ನು ಓದಲು ೧೪೯೬ರಲ್ಲಿ ಬೊಲೋನ್ಯಾಕ್ಕೆ ಬಂದಾಗ ಸೇರಿದ್ದು ಜರ್ಮನ್ ನಾಡಕೂಟವನ್ನು. ಈ ಒಂದು ದಾಖಲೆಯನ್ನು ಹಿಡಿದು ಅವನು ಜರ್ಮನನೋ ಪೋಲನೋ ಎಂದು ಇತ್ತೀಚಿನ ಶತಮಾನಗಳಲ್ಲಿ ಎರಡು ದೇಶದವರು ಬಹಳವಾಗಿ ವಾದಿಸಿದ್ದಾರೆ. ನಾಡಕೂಟದ ಸ್ವರೂಪವನ್ನು ಬಲ್ಲವರಿಗೆ ಈ ವಾದದಲ್ಲಿ ಹುರುಳು ಕಾಣದು. ಹಳೆಯ ಶಬ್ದಕ್ಕೆ ಹೊಸ ಅರ್ಥವನ್ನು ತುಂಬಿದ್ದೇ ಅದರ ಮೂಲ.

೪

ಇನ್ನು ಪ್ಯಾರಿಸ್ ನಗರದ ವಿಷಯ. ಅಲ್ಲಿಯ ವಿದ್ಯಾಪೀಠವು ಅಧ್ಯಾಪಕರ ಸಂಘ. ನಾಡಕೂಟಗಳಿದ್ದುದು ಕಲಾವಿಭಾಗದಲ್ಲಿ ಮಾತ್ರ. ಅವುಗಳ ಸದಸ್ಯರು ಕಲಾವಿಭಾಗದ ಉಪಾಧ್ಯಾಯರು. ಆದರೆ ಇವರಲ್ಲಿ ಅನೇಕರು ಒಂದು ಕಡೆ ಕಲೆಗಳನ್ನು ಕಲಿಸುತ್ತ ಇನ್ನೊಂದು ಕಡೆ ದೇವತಾಶಾಸ್ತ್ರವನ್ನೋ ನ್ಯಾಯಶಾಸ್ತ್ರವನ್ನೋ ತಾವೇ ಓದುತ್ತಿದ್ದ ತರುಣರಾದುದರಿಂದ, ಅವರೂ ಪರದೇಶೀ ವಿದ್ಯಾರ್ಥಿಗಳೆಂದೇ ಹೇಳಬಹುದು. ಹದಿಮೂರನೆಯ ಶತಮಾನದ ನಡುವಿನ ವೇಳೆಗೆ ಅಲ್ಲಿ ಫ್ರೆಂಚ್, ಪಿಕಾರ್ಡ್, ನಾರ್ಮನ್, ಇಂಗ್ಲಿಷ್ ಎಂಬ ನಾಲ್ಕು ನಾಡಕೂಟಗಳು ನೆಲೆಗೊಂಡಿದ್ದುವು. ಹೆಸರುಗಳನ್ನು ನೋಡಿ ಮೋಸಹೋಗಬಾರದು. ಫ್ರೆಂಚ್ ಕೂಟದಲ್ಲಿ ಇಟಲಿಯವರೂ ಸ್ಪೇನಿನವರೂ ಇದ್ದರು. ಇಂಗ್ಲಿಷ್ ಕೂಟದಲ್ಲಿ ಜರ್ಮನರು, ಡೇನರು, ಸ್ವೀಡರು, ಹಂಗೆರಿಯವರು ಎಲ್ಲರೂ ಸೇರಿದ್ದರು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ನೂರು ವರ್ಷಗಳ ಯುದ್ಧದಿಂದ ಇಂಗ್ಲಿಷರು ಬರುವುದು ಕಡಿಮೆಯಾಗಲು, ಹದಿನೈದನೆಯ ಶತಮಾನದಲ್ಲಿ ಅದೇ ಕೂಟಕ್ಕೆ ಜರ್ಮನ್ ಕೂಟವೆಂದು ಹೆಸರಾಯಿತು. ಹೆಸರು ಬದಲಾದರೂ ಕೂಟ ಉಳಿಯಿತು.

ಒಂದೊಂದು ಕೂಟಕ್ಕೂ ‘ಪ್ರೊಕ್ಟರ್’ ಎಂಬ ಅಧಿಕಾರಿ, ಸ್ವಂತ ಮುದ್ರೆ, ಬೊಕ್ಕಸ, ಹಬ್ಬದ ದಿನಗಳು, ಊರಿನಿಂದ ಕಾಗದಪತ್ರಗಳನ್ನೂ ಹಣವನ್ನೂ ತರುವ ಓಲೆಕಾರರು. ಇಂಗ್ಲಿಷ್ ಕೂಟದ ಪ್ರೊಕ್ಟರರ ಕಡತವು ೧೩೩೩ರಿಂದ ದೊರೆಯುತ್ತದೆ. ವರಮಾನದಲ್ಲಿ ಮಿಕ್ಕ ಹಣವನ್ನು ಸದಸ್ಯರು ಹೋಟೆಲು ಹೆಂಡದಂಗಡಿಗಳಲ್ಲಿ ಕೂಡಿ ಕುಡಿದು ತೀರಿಸುತ್ತಿದ್ದ ಸಂಗತಿಯನ್ನು ಅದರಲ್ಲಿ ಸಂಕೋಚವಿಲ್ಲದೆ ಬರೆದಿಟ್ಟಿದ್ದಾರೆ. ಹೊಸದಾಗಿ ಬಂದ ವಿದ್ಯಾರ್ಥಿಯನ್ನು ‘ಹಳದಿ ಕೊಕ್ಕಿನ ಮರಿ’ ಎಂದು ಹಾಸ್ಯಮಾಡಿ, ಅವನಿಂದ ಔತಣವನ್ನು ವಸೂಲುಮಾಡುವ ಪದ್ಧತಿಯೂ ಅಲ್ಲಿ ಬೆಳೆದಿತ್ತು. ಇದನ್ನು ಬರಿಯ ಪುಂಡಾಟವೆಂದು ತಳ್ಳಿಬಿಡಲಾಗದು. ಒಳಗೆ ಬರುವ ಬಾಗಿಲು ಸ್ವಲ್ಪ ತಗ್ಗಾಗಿದ್ದು ತಲೆ ತಾಗಿದರೆ, ಒಳಗೆ ಬಂದೆನೆಂಬುದು ನೆನಪಿನಲ್ಲುಳಿಯುತ್ತದೆ.

ಆದರೆ ಒಳಗೆಂಬುದಿದ್ದರೆ ಹೊರಗೆಂಬುದೂ ಉಂಟು. ಪ್ಯಾರಿಸಿನಲ್ಲಿ ಓದಿದ್ದ ಜಾಕ್ ದ ವಿತ್ರಿ ಎಂಬ ಮಠಾಧಿಕಾರಿಯು (ಮರಣ ೧೨೪೦) ತನ್ನ ಇತಿಹಾಸಗ್ರಂಥದಲ್ಲಿ, ಅಲ್ಲಿಯ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ನಾಡು ಹಿಡಿದು ಹಳಿಯುತ್ತಿದ್ದ ರೀತಿಯನ್ನು ಬೇಸರದಿಂದ ವರ್ಣಿಸಿದ್ದಾನೆ. ಇಂಗ್ಲಿಷರು ಕುಡುಕರು, ಫ್ರೆಂಚರು ಗರ್ವಿಗಳು, ಜರ್ಮನರು ಮುಂಗೋಪಿಗಳು ಎಂದು ಮುಂತಾಗಿ ಒಂದೊಂದು ಸೀಮೆಗೂ ಒಂದೊಂದು ಬೈಗುಳವಿತ್ತಂತೆ. ಮಾತು ಬೆಳೆದು ಹೊಡೆದಾಟಕ್ಕೆ ತಿರುಗುತ್ತಿತ್ತಂತೆ. ಊರವರಿಂದ ರಕ್ಷಣೆಗಾಗಿ ಎದ್ದ ಗೋಡೆಯು ಕ್ರಮೇಣ ಸಹಪಾಠಿಗಳ ನಡುವಣ ಗೋಡೆಯೂ ಆಯಿತು. ಆದರೂ ಹೊರಗಿನ ಅಪಾಯ ಬಂದಾಗ ಅವರೆಲ್ಲರೂ ಒಂದಾಗುತ್ತಿದ್ದರು. ೧೨೨೯ರಲ್ಲಿ ಹೆಂಡದಂಗಡಿಯೊಂದರ ಜಗಳದಿಂದ ಹುಟ್ಟಿದ ಗಲಭೆಯಲ್ಲಿ ಕಾವಲಿನವರು ಕೆಲವು ವಿದ್ಯಾರ್ಥಿಗಳನ್ನು ಕೊಂದಾಗ, ವಿದ್ಯಾಪೀಠವೇ ಪಾಠಗಳನ್ನು ನಿಲ್ಲಿಸಿ ಚದರಿಹೋಯಿತು. ಎರಡು ವರ್ಷಗಳ ಮೇಲೆ, ೧೨೩೧ರಲ್ಲಿ, ಒಂಬತ್ತನೆಯ ಗ್ರೆಗರಿ ಪೋಪನ ಶಾಸನವು ಅದರ ಹಕ್ಕುಗಳನ್ನು ಸ್ಥಿರಪಡಿಸಿತು.

೫

ಇಲ್ಲಿಯವರೆಗೆ ಹೇಳಿದ ನಾಡಕೂಟಗಳು ತಾವಾಗಿ ಬೆಳೆದುವು. ಪ್ರಾಗ್ ನಗರದಲ್ಲಿ ಅವು ಹಾಗೆ ಬೆಳೆಯಲಿಲ್ಲ. ೧೩೪೮ರಲ್ಲಿ ನಾಲ್ಕನೆಯ ಚಾರ್ಲ್ಸ್ ರಾಜನು ಅಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿದ ಮೇಲೆ, ಬೊಹೀಮಿಯಾ, ಬವೇರಿಯಾ, ಪೋಲೆಂಡ್, ಸ್ಯಾಕ್ಸನಿ ಎಂಬ ನಾಲ್ಕು ಕೂಟಗಳು ಒಂದೊಂದು ದಿಕ್ಕಿಗೊಂದರಂತೆ ಏರ್ಪಟ್ಟುವು. ವಿದ್ಯಾಪೀಠದ ವ್ಯವಹಾರಗಳಲ್ಲಿ ಒಂದೊಂದಕ್ಕೂ ಒಂದೊಂದು ಮತ. ಬೊಲೋನ್ಯಾಕ್ಕೂ ಇದಕ್ಕೂ ಇರುವ ಭೇದವನ್ನು ಗಮನಿಸಬೇಕು. ಅಲ್ಲಿ ಊರವರಿಗೆ ಕೂಟವಿಲ್ಲ. ಇಲ್ಲಿ ಊರವರದೂ ಒಂದು ಕೂಟ, ಪರದೇಶಿಗಳವು ಮೂರು. ಅಲ್ಲಿ ಕೂಟವು ಗುರಾಣಿ. ಇಲ್ಲಿ ಅದು ಮೊದಲಿನಿಂದಲೂ ತಕ್ಕಡಿಯ ತೂಕದ ಕಲ್ಲು. ಕಾಲೇಜಿನ ಸ್ಥಾನಗಳು ಯಾರಿಗೆ ಸಲ್ಲಬೇಕೆಂದು ೧೩೮೪ರಲ್ಲಿಯೇ ಕೂಟಗಳ ನಡುವೆ ವಿವಾದವೆದ್ದಿತು.

ಹದಿನೈದನೆಯ ಶತಮಾನದ ಆದಿಯಲ್ಲಿ ಇದರೊಡನೆ ಎರಡು ಕಿಚ್ಚುಗಳು ಸೇರಿಕೊಂಡುವು. ಇಂಗ್ಲೆಂಡಿನ ವಿಕ್ಲಿಫನ ಮತವಿಚಾರಗಳನ್ನು ಬೊಹೀಮಿಯದ ಉಪಾಧ್ಯಾಯರಲ್ಲಿ ಯಾನ್ ಹುಸ್ ಮೊದಲಾದವರು ಆದರಿಸಿದರು. ಉಳಿದ ಮೂರು ಕೂಟಗಳವರು ವಿರೋಧಿಸಿದರು. ೧೪೦೩ರಲ್ಲಿ ಆ ವಿಚಾರಗಳ ನಲವತ್ತೈದು ವಾಕ್ಯಗಳನ್ನು ವಿದ್ಯಾಪೀಠವು ಬಹುಮತದಿಂದ ಖಂಡಿಸಿತು. ಎರಡನೆಯದಾಗಿ, ಆಗ ಕ್ರೈಸ್ತಮಠಕ್ಕೆ ಇಬ್ಬರು ಪೋಪರಿದ್ದರು; ವೆನ್ಸೆಸ್ಲಾಸ್ ರಾಜನು ಇಬ್ಬರ ಪಕ್ಷವನ್ನೂ ವಹಿಸದಿರಬೇಕೆಂದು ಬಯಸಿದನು. ಬೊಹೀಮಿಯದವರು ಒಪ್ಪಿದರು, ಮೂರು ಕೂಟಗಳವರು ಒಪ್ಪಲಿಲ್ಲ. ೧೪೦೯ರ ಜನವರಿ ೧೮ರಂದು ರಾಜನು ಕುಟ್ನಾ ಹೋರಾ ಎಂಬಲ್ಲಿಂದ ಶಾಸನವನ್ನು ಹೊರಡಿಸಿದನು: ಇನ್ನು ಮೇಲೆ ಬೊಹೀಮಿಯದ ಕೂಟಕ್ಕೆ ಮೂರು ಮತಗಳು, ಉಳಿದ ಮೂರು ಕೂಟಗಳಿಗೆ ಸೇರಿ ಒಂದು ಮತ. ನಾಡಿನಲ್ಲಿ ವಾಸದ ಹಕ್ಕೇ ಇಲ್ಲದ ಪರಕೀಯರು ಮೂರು ಮತಗಳನ್ನು ಅನುಭವಿಸುವುದು ನ್ಯಾಯವಲ್ಲವೆಂಬುದು ಅವನ ವಾದ. ಆ ಮೂರು ಕೂಟಗಳನ್ನೂ ಶಾಸನವು ಒಟ್ಟಾಗಿ ಜರ್ಮನರ ಕೂಟವೆಂದು ಕರೆಯಿತು.

ಸೀಮೆಯ ಹೆಸರಾಗಿದ್ದ ‘ನಾತಿಯೋ’ ಶಬ್ದವು ಭಾಷೆಯ, ಕುಲದ ಹೆಸರಾಗಿ ತಿರುಗಿದ್ದು ಇಲ್ಲಿ ಕಣ್ಣಿಗೆ ಕಾಣುವಂತಿದೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತೆಂದು ಒಪ್ಪಬೇಕು. ತಮ್ಮ ನಾಡಿನ ವಿದ್ಯಾಪೀಠದಲ್ಲಿ ತಾವು ನಾಲ್ಕರಲ್ಲೊಂದು ಪಾಲಾಗಿ ಕುಳಿತೆವೆಂಬುದು ಬೊಹೀಮಿಯದವರ ವ್ಯಥೆ. ಅರುವತ್ತು ವರ್ಷಗಳಿಂದ ನಡೆದುಬಂದ ಹಕ್ಕನ್ನು ಒಂದು ದಿನದಲ್ಲಿ ಕಿತ್ತುಕೊಂಡರೆಂಬುದು ಪರದೇಶಿಗಳ ವ್ಯಥೆ. ಅವರು ಬೊಲೋನ್ಯಾದ ಹಳೆಯ ಆಯುಧವನ್ನೇ ಎತ್ತಿದರು. ಶಾಸನವು ಹಿಂದೆಗೆಯದಿದ್ದರೆ ಹೊರಡುವೆವೆಂದು ಪ್ರಮಾಣಮಾಡಿ, ಅದೇ ವರ್ಷದ ಮೇ ತಿಂಗಳಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಗುಂಪುಗುಂಪಾಗಿ ಪ್ರಾಗನ್ನು ಬಿಟ್ಟರು. ಅವರಲ್ಲಿ ಬಹುಮಂದಿಯಿಂದ ೧೪೦೯ರ ಡಿಸೆಂಬರ್ ತಿಂಗಳಲ್ಲಿ ಲೈಪ್ಸಿಗ್ ವಿದ್ಯಾಪೀಠವು ಹುಟ್ಟಿತು; ಅಲ್ಲಿಯೂ ನಾಲ್ಕು ನಾಡಕೂಟಗಳೇ ಆದುವು. ಪ್ರಾಗಿನಲ್ಲಿ ಹುಸ್‌ನು ರೆಕ್ಟರನಾದನು. ನಾಡವರು ಗೆದ್ದರು, ಆದರೆ ಮಧ್ಯಯುರೋಪಿನ ವಿದ್ಯಾಕೇಂದ್ರವಾಗಿದ್ದ ಪೀಠವು ಒಂದು ನಾಡಿನ ಪೀಠವಾಗಿ ಸಂಕೋಚಗೊಂಡಿತು. ಆರು ವರ್ಷಗಳ ಮೇಲೆ, ೧೪೧೫ರಲ್ಲಿ, ಕಾನ್ಸ್ಟನ್ಸ್ ನಗರದಲ್ಲಿ ನೆರೆದ ಮಹಾಸಭೆಯು ಹುಸ್‌ನನ್ನು ಸುಡುವಂತೆ ತೀರ್ಪು ಕೊಟ್ಟಿತು. ಆ ಸಭೆಯೂ ನಾಡಕೂಟಗಳಾಗಿ ವಿಭಾಗಗೊಂಡೇ ಮತ ಕೊಡುತ್ತಿತ್ತೆಂಬುದು ಚರಿತ್ರೆಯ ವ್ಯಂಗ್ಯ. ವಿದ್ಯಾರ್ಥಿಗಳ ಏರ್ಪಾಟು ಅಷ್ಟುಹೊತ್ತಿಗೆ ಮಠಾಧಿಪತಿಗಳ ಏರ್ಪಾಟಾಗಿತ್ತು.

೬

ನಾಡಕೂಟಗಳು ಪೂರ್ಣವಾಗಿ ಅಳಿಯಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿದ್ಯಾಪೀಠದಲ್ಲಿ ರೆಕ್ಟರನ ಚುನಾವಣೆಯು ೧೯೭೭ರವರೆಗೂ ನಾಡಕೂಟಗಳ ಮೂಲಕವೇ ನಡೆಯಿತು. ಸ್ವೀಡನ್ನಿನ ಉಪ್ಸಲಾ, ಲುಂಡ್ ವಿದ್ಯಾಪೀಠಗಳಲ್ಲಿ ಅವು ಇಂದಿಗೂ ಇವೆ. ೨೦೧೦ರವರೆಗೆ ಉಪ್ಸಲಾದ ವಿದ್ಯಾರ್ಥಿಯು ಒಂದಿಲ್ಲೊಂದು ಕೂಟಕ್ಕೆ ಸೇರಲೇಬೇಕಾಗಿತ್ತು. ಈಗ ಅವುಗಳ ಹೆಸರು ಮಾತ್ರ ಸೀಮೆಯದು. ಯಾವ ಸೀಮೆಯವನಾದರೂ ಯಾವ ಕೂಟವನ್ನಾದರೂ ಸೇರಬಹುದು. ಊಟ, ವಸತಿ, ಹಾಡು, ಪುಸ್ತಕಭಂಡಾರಗಳೇ ಅವುಗಳ ಕೆಲಸ. ಮತದ ತಕ್ಕಡಿಯನ್ನು ಕೆಳಗಿಟ್ಟ ಮೇಲೆ ಕೂಟವು ತನ್ನ ಮೊದಲಿನ ಧರ್ಮಕ್ಕೆ, ಬಳಗದ ಧರ್ಮಕ್ಕೆ, ಮರಳಿತೆಂದು ಹೇಳಬಹುದು.

ಮೇಲಿನ ವಿಚಾರದಿಂದ ತೋರಿಬರುವುದಿಷ್ಟು. ಪರದೇಶದಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮಲ್ಲೇ ಬಿಗಿದುಕೊಳ್ಳುವುದನ್ನು ಕಂಡು ಅದು ಅವರ ಸಂಕುಚಿತಬುದ್ಧಿಯೆಂದು ಆಕ್ಷೇಪಿಸುವ ಮುನ್ನ, ಆ ಊರು ಅವರಿಗೆ ಏನನ್ನು ಕೊಟ್ಟಿಲ್ಲವೆಂದು ಕೇಳಬೇಕು. ನ್ಯಾಯ, ಮನೆ, ರೋಗಶುಶ್ರೂಷೆ, ಶವಸಂಸ್ಕಾರ: ಇವುಗಳಲ್ಲಿ ಯಾವುದು ಹೊರಗೆ ದೊರೆಯಲಿಲ್ಲವೋ ಅದನ್ನು ಅವರು ಒಳಗೆ ನಿರ್ಮಿಸಿಕೊಂಡರು. ಆ ಕೊರತೆಯ ಅಳತೆಗೆ ತಕ್ಕಂತೆ ಕೂಟವಿದ್ದಷ್ಟು ಕಾಲ ಅದು ವಿದ್ಯೆಗೆ ಆಸರೆಯಾಯಿತು. ಕೊರತೆಯನ್ನು ಮೀರಿ ಬಲದ ಲೆಕ್ಕಕ್ಕೆ ನಿಂತಾಗ ವಿದ್ಯಾಪೀಠವನ್ನೇ ಸೀಳಿತು. ಕಂಚಿಯ ಬೀದಿಯಲ್ಲಿ ಮಯೂರಶರ್ಮನ ಪಕ್ಕಕ್ಕೆ ನಿಲ್ಲಲು ಅವನ ಸೀಮೆಯ ನಾಲ್ಕು ಜನ ವಿದ್ಯಾರ್ಥಿಗಳಿದ್ದಿದ್ದರೆ ನಮ್ಮ ನಾಡಿಗೆ ಒಂದು ರಾಜವಂಶವು ತಪ್ಪಿಹೋಗುತ್ತಿತ್ತೋ ಏನೋ; ಒಬ್ಬ ವಿದ್ವಾಂಸನು ಮಾತ್ರ ತನ್ನ ವೇದಾಧ್ಯಯನವನ್ನು ಮುಗಿಸಿಕೊಂಡು ಸುಖವಾಗಿ ಊರಿಗೆ ಹಿಂದಿರುಗುತ್ತಿದ್ದನು.